ಬೆಳಗಿನ ಅರ್ಧ ಗಂಟೆ: ಕಟ್ಟಡ ಯಂತ್ರಗಳ ಆರೈಕೆಯ ಹೊಣೆ ಯಾರದು?

ಮುಂಬಯಿ ಮಹಾನಗರ ಇಂದು ಯಂತ್ರಗಳ ಸದ್ದಿನಿಂದಲೇ ಎಚ್ಚರಗೊಳ್ಳುತ್ತಿದೆ. 2024ರ ಜನವರಿ 12ರಂದು ಶಿವಡಿಯಿಂದ ನ್ಹಾವಾ ಶೇವಾ ಕಡೆಗೆ ಸಾಗುವ ಅಟಲ್ ಸೇತು ಉದ್ಘಾಟನೆಗೊಂಡಿತು. ಅದೇ ವರ್ಷದ ಮಾರ್ಚ್‌ನಲ್ಲಿ ಕರಾವಳಿ ರಸ್ತೆಯ ಮೊದಲ ಭಾಗ ಸಂಚಾರಕ್ಕೆ ತೆರೆಯಿತು. 2025ರ ಅಕ್ಟೋಬರ್‌ನಲ್ಲಿ ಆರೆಯಿಂದ ಕಫ್ ಪರೇಡ್‌ವರೆಗಿನ ಭೂಗತ ಮೆಟ್ರೋ ಪೂರ್ಣಗೊಂಡಿತು. ಅದೇ ತಿಂಗಳಲ್ಲಿ ನವಿ ಮುಂಬಯಿ ವಿಮಾನ ನಿಲ್ದಾಣದ ಉದ್ಘಾಟನೆಯೂ ನೆರವೇರಿತು. ಇವುಗಳ ಜೊತೆಗೆ ಚೆಂಬೂರು, ಮಾಟುಂಗ, ಘಾಟ್ಕೋಪರ್, ಮುಲುಂಡ್, ಡೊಂಬಿವಲಿಗಳ ಹಳೆಯ ಹೌಸಿಂಗ್ ಸೊಸೈಟಿಗಳು ಒಂದರ ಹಿಂದೊಂದರಂತೆ ಪುನರ್ನಿರ್ಮಾಣಕ್ಕೆ ಒಳಗಾಗುತ್ತಿವೆ. ನಮ್ಮಲ್ಲಿ ಅನೇಕರ ಮನೆಯ ಕಿಟಕಿಯಿಂದ ಹತ್ತು ಹದಿನೈದು ಅಡಿ ದೂರದಲ್ಲೇ ಇಂದು ಅಗೆಯುವ ಯಂತ್ರವೋ, ಕ್ರೇನೋ, ನೆಲ ಕೊರೆಯುವ ಪೈಲಿಂಗ್ ರಿಗ್ಗೋ ಕೆಲಸ ಮಾಡುತ್ತಿದೆ.

ಈ ಸದ್ದಿನ ಬಗ್ಗೆ ನಾವು ದೂರುತ್ತೇವೆ. ಧೂಳಿನ ಬಗ್ಗೆ ಪಾಲಿಕೆಗೆ ಪತ್ರ ಬರೆಯುತ್ತೇವೆ. ಕಾಮಗಾರಿ ವಿಳಂಬವಾದರೆ ಸೊಸೈಟಿಯ ಸಭೆಯಲ್ಲಿ ಕಟುವಾಗಿ ಪ್ರಶ್ನಿಸುತ್ತೇವೆ. ಆದರೆ ಆ ಯಂತ್ರಕ್ಕೆ ಇಂದು ಬೆಳಿಗ್ಗೆ ಗ್ರೀಸ್ ಹಾಕಿದ್ದಾರೆಯೇ, ಅದರ ಹೋಸ್ ಪೈಪುಗಳನ್ನು ಯಾರಾದರೂ ನೋಡಿದ್ದಾರೆಯೇ, ಕ್ರೇನಿನ ಉಕ್ಕಿನ ಹಗ್ಗವನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ ಎಂಬ ಪ್ರಶ್ನೆಯನ್ನು ನಾವು ಕೇಳುವುದಿಲ್ಲ. ಅದು ಗುತ್ತಿಗೆದಾರರ ಕೆಲಸವೆಂದು ಭಾವಿಸಿ ಸುಮ್ಮನಾಗುತ್ತೇವೆ. ಯಂತ್ರಗಳ ದೈನಂದಿನ ಆರೈಕೆ ಕೇವಲ ತಾಂತ್ರಿಕ ವಿಷಯವೆಂಬ ಈ ಭಾವನೆಯನ್ನು ಪುನರ್ವಿಮರ್ಶಿಸುವುದು ಅಗತ್ಯವೆಂದು ನಮಗೆ ತೋರುತ್ತದೆ.

ಎರಡು ಆಗಸ್ಟ್‌ಗಳ ನೆನಪು

2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಿಂದುಸ್ತಾನ್ ಶಿಪ್‌ಯಾರ್ಡ್‌ನಲ್ಲಿ ಭಾರ ಹೊರುವ ಸಾಮರ್ಥ್ಯದ ಪರೀಕ್ಷೆಗೆ ಒಳಪಟ್ಟಿದ್ದ ಬೃಹತ್ ಕ್ರೇನ್ ಕುಸಿದು 11 ಮಂದಿ ಮೃತಪಟ್ಟರು. ಮೂರು ವರ್ಷಗಳ ನಂತರ, 2023ರ ಜುಲೈ 31 ಮತ್ತು ಆಗಸ್ಟ್ 1ರ ನಡುವಿನ ರಾತ್ರಿ, ಠಾಣೆ ಜಿಲ್ಲೆಯ ಶಹಾಪುರದ ಬಳಿ ಸಮೃದ್ಧಿ ಮಹಾಮಾರ್ಗದ ಸೇತುವೆ ಕಾಮಗಾರಿಯಲ್ಲಿ ತೊಲೆಗಳನ್ನು ಎತ್ತಿ ಕೂರಿಸುವ ಯಂತ್ರ ಕೆಳಗೆ ಬಿದ್ದು 20 ಮಂದಿ ಕಾರ್ಮಿಕರು ಮತ್ತು ಎಂಜಿನಿಯರರು ಪ್ರಾಣ ಕಳೆದುಕೊಂಡರು. ಎರಡೂ ದುರಂತಗಳ ಕಾರಣ ಹಾಗೂ ಹೊಣೆಯನ್ನು ನಿರ್ಣಯಿಸುವುದು ತನಿಖೆ ಮತ್ತು ನ್ಯಾಯಾಲಯಗಳಿಗೆ ಸೇರಿದ್ದು. ನಾವು ಅವುಗಳನ್ನು ಇಲ್ಲಿ ನೆನೆಯುವುದು ಬೇರೊಂದು ಕಾರಣಕ್ಕೆ. ಭಾರೀ ಯಂತ್ರವೊಂದು ಕೈಕೊಟ್ಟಾಗ ತಪ್ಪಿಸಿಕೊಳ್ಳಲು ಮನುಷ್ಯನಿಗೆ ಸಮಯವೇ ಸಿಗುವುದಿಲ್ಲ. ಆದ್ದರಿಂದ ಎಚ್ಚರಿಕೆಯೆಲ್ಲವೂ ಅದಕ್ಕಿಂತ ಮೊದಲೇ ನಡೆದಿರಬೇಕು.

ಇಂತಹ ದೊಡ್ಡ ದುರಂತಗಳು ಪತ್ರಿಕೆಯ ಮುಖಪುಟಕ್ಕೆ ಬರುತ್ತವೆ. ಒತ್ತಡದಲ್ಲಿದ್ದ ಪೈಪು ಒಡೆದು ಕೈ ಕಳೆದುಕೊಂಡ ಹೆಲ್ಪರ್, ಎತ್ತಿ ನಿಲ್ಲಿಸಿದ ಬಕೆಟ್ಟಿನ ಕೆಳಗೆ ಸಿಲುಕಿದ ಮೆಕ್ಯಾನಿಕ್, ಹಿಂದೆ ಸರಿಯುವ ಯಂತ್ರದ ಗಂಟೆ ಕೆಟ್ಟಿದ್ದರಿಂದ ಅಪಾಯಕ್ಕೀಡಾದ ಕೂಲಿಯಾಳು, ಇವರು ಒಳಪುಟಕ್ಕೂ ಬರುವುದಿಲ್ಲ. ಈ ದುಡಿಮೆಗಾರರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಮುಂಬಯಿ, ಪುಣೆಗಳಿಗೆ ಬಂದ ನಮ್ಮವರೂ ಇದ್ದಾರೆ ಎಂಬುದನ್ನು ಮರೆಯುವಂತಿಲ್ಲ.

ಬೆಳಗಿನ ಅರ್ಧ ಗಂಟೆಯ ಕೆಲಸ

ಕಟ್ಟಡ ಯಂತ್ರಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಚೈನಿನ ಮೇಲೆ ಚಲಿಸುವ ಎಕ್ಸ್‌ಕವೇಟರ್. ನಮ್ಮ ಊರುಗಳಲ್ಲಿ ಇದನ್ನು ‘ಹಿಟಾಚಿ’ ಎನ್ನುತ್ತಾರೆ, ಇಲ್ಲಿ ‘ಪೊಕ್ಲೇನ್’ ಎಂಬ ಹೆಸರೇ ರೂಢಿ. ಕಂಪನಿ ಯಾವುದೇ ಇರಲಿ, ಇದರ ಆರೈಕೆಯ ಕ್ರಮ ಬಹುಮಟ್ಟಿಗೆ ಒಂದೇ. ಕಾರಿನ ಸರ್ವಿಸ್ಸನ್ನು ಕಿಲೋಮೀಟರುಗಳಲ್ಲಿ ಎಣಿಸಿದರೆ, ಇದರ ಸರ್ವಿಸ್ಸನ್ನು ಎಂಜಿನ್ ಓಡಿದ ಗಂಟೆಗಳಲ್ಲಿ ಎಣಿಸುತ್ತಾರೆ. ಅದಕ್ಕಾಗಿಯೇ ಚಾಲಕನ ಮುಂದೆ ಅವರ್ ಮೀಟರ್ ಇರುತ್ತದೆ.

ದಿನದ ಕೆಲಸಕ್ಕೆ ಮೊದಲು ಚಾಲಕನು ಯಂತ್ರದ ಸುತ್ತ ಒಂದು ಸುತ್ತು ನಡೆಯಬೇಕು. ನೆಲದ ಮೇಲೆ ಎಣ್ಣೆಯ ಕಲೆ ಇದೆಯೇ, ಹೋಸ್ ಪೈಪು ಎಲ್ಲಿಯಾದರೂ ಉಜ್ಜಿ ಸವೆದಿದೆಯೇ, ಚೈನಿನ ಬೋಲ್ಟುಗಳು ಸಡಿಲಾಗಿವೆಯೇ, ಬಕೆಟ್ಟಿನ ಹಲ್ಲು ಕಳಚಿದೆಯೇ ಎಂಬುದನ್ನು ಕಣ್ಣಿನಿಂದಲೇ ತಿಳಿಯಬಹುದು. ಅನಂತರ ಎಂಜಿನ್ ಎಣ್ಣೆ, ರೇಡಿಯೇಟರ್ ನೀರು, ಹೈಡ್ರಾಲಿಕ್ ಎಣ್ಣೆ, ಈ ಮೂರರ ಮಟ್ಟವನ್ನು ನೋಡಬೇಕು. ಇದನ್ನು ಯಂತ್ರ ಸಮತಟ್ಟಾದ ನೆಲದ ಮೇಲಿರುವಾಗ, ಎಂಜಿನ್ ತಣ್ಣಗಿರುವಾಗ ಮಾಡಬೇಕು. ಬಿಸಿಯಾದ ರೇಡಿಯೇಟರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರು ಪ್ರತಿಯೊಂದು ಸೈಟಿನಲ್ಲೂ ಸಿಗುತ್ತಾರೆ. ಡೀಸೆಲಿನೊಡನೆ ಬಂದ ನೀರನ್ನು ಬೇರ್ಪಡಿಸುವ ಸಣ್ಣ ಬಟ್ಟಲನ್ನು ತೆರೆದು ನೀರು ಹೊರಬಿಡಬೇಕು. ಬೂಮ್, ತೋಳು, ಬಕೆಟ್ಟುಗಳ ಕೀಲುಗಳಲ್ಲಿರುವ ಪಿನ್ನುಗಳಿಗೆ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸ ಗ್ರೀಸ್ ತುಂಬಬೇಕು. ಇಷ್ಟಕ್ಕೆ ಬೇಕಾಗುವುದು ಹೆಚ್ಚೆಂದರೆ ಅರ್ಧ ಗಂಟೆ.

ದೊಡ್ಡ ಸರ್ವಿಸ್ಸಿನ ಲೆಕ್ಕವೂ ಕಠಿಣವಲ್ಲ. ಎಂಜಿನ್ ಎಣ್ಣೆಯನ್ನು ಸಾಮಾನ್ಯವಾಗಿ 250 ಗಂಟೆಗೊಮ್ಮೆ, ಕೆಲವು ಹೊಸ ಯಂತ್ರಗಳಲ್ಲಿ 500 ಗಂಟೆಗೊಮ್ಮೆ ಬದಲಿಸಬೇಕು. ಹೈಡ್ರಾಲಿಕ್ ಫಿಲ್ಟರಿಗೆ 1,000 ಗಂಟೆಯ ಆಸುಪಾಸು. ಹೈಡ್ರಾಲಿಕ್ ಎಣ್ಣೆಗೆ ಅದರ ಗುಣಮಟ್ಟವನ್ನು ಅನುಸರಿಸಿ 2,000 ಗಂಟೆ ಅಥವಾ ಅದಕ್ಕಿಂತ ಹೆಚ್ಚು. ಯಂತ್ರವೊಂದು ದಿನಕ್ಕೆ 10 ಗಂಟೆಯಂತೆ ತಿಂಗಳಿಗೆ 25 ದಿನ ದುಡಿದರೆ 250 ಗಂಟೆ ತುಂಬುತ್ತದೆ. ಎರಡು ಪಾಳಿಯಲ್ಲಿ 20 ಗಂಟೆ ದುಡಿದರೆ ಅದೇ ಗಡುವು ಹದಿಮೂರನೆಯ ದಿನಕ್ಕೇ ಬರುತ್ತದೆ. ರಾತ್ರಿ ಪಾಳಿ ಸೇರಿಸಿದ ಸೈಟಿನಲ್ಲಿ ಸರ್ವಿಸ್ ಮಾತ್ರ ‘ತಿಂಗಳಿಗೊಮ್ಮೆ’ ಎಂದೇ ಉಳಿದಿದ್ದರೆ ಯಂತ್ರದ ಆಯುಷ್ಯ ಅರ್ಧಕ್ಕಿಳಿಯುವ ದಾರಿ ಅಲ್ಲಿಂದಲೇ ತೆರೆಯುತ್ತದೆ.

ಮುಂಬಯಿಯ ನೆಲ ಮತ್ತು ಹವಾಮಾನ ಈ ಲೆಕ್ಕವನ್ನು ಇನ್ನಷ್ಟು ಬಿಗಿಗೊಳಿಸುತ್ತವೆ. ಇಲ್ಲಿ ಕೆಲವು ಅಡಿ ಅಗೆದರೆ ಕಪ್ಪು ಬಸಾಲ್ಟ್ ಬಂಡೆ ಎದುರಾಗುತ್ತದೆ. ಆಗ ಬಕೆಟ್ಟನ್ನು ಕಳಚಿ ಬಂಡೆ ಒಡೆಯುವ ಬ್ರೇಕರನ್ನು ಜೋಡಿಸುತ್ತಾರೆ. ಬ್ರೇಕರಿನ ಹೊಡೆತದಿಂದ ಹೈಡ್ರಾಲಿಕ್ ಎಣ್ಣೆ ಬೇಗ ಕಾಯುತ್ತದೆ, ಬೇಗ ಕೊಳೆಯುತ್ತದೆ. ಹೀಗಾಗಿ ಎಣ್ಣೆ ಮತ್ತು ಫಿಲ್ಟರುಗಳ ಗಡುವನ್ನು ಅರ್ಧಕ್ಕೂ ಕಡಿಮೆ ಮಾಡಬೇಕಾಗುತ್ತದೆ. ಬ್ರೇಕರಿನ ಉಳಿಗೆ ದಿನಕ್ಕೊಮ್ಮೆ ಗ್ರೀಸ್ ಹಾಕಿದರೆ ಸಾಲದು, ಕೆಲವು ಗಂಟೆಗೊಮ್ಮೆ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಮತ್ತು ಕಡಲ ಗಾಳಿಯ ಉಪ್ಪು ವಿದ್ಯುತ್ ಜೋಡಣೆಗಳನ್ನು ತಿನ್ನುತ್ತವೆ. ಅರ್ಧ ಖಾಲಿಯಿರುವ ಡೀಸೆಲ್ ಟ್ಯಾಂಕಿನೊಳಗೆ ರಾತ್ರಿಯ ತಂಪಿಗೆ ತೇವಾಂಶ ನೀರಾಗಿ ಇಳಿಯುತ್ತದೆ. ಟ್ಯಾಂಕನ್ನು ಬೆಳಿಗ್ಗೆ ತುಂಬಿಸುವ ಬದಲು ಸಂಜೆ ಕೆಲಸ ಮುಗಿದೊಡನೆ ತುಂಬಿಸಬೇಕೆಂದು ಅನುಭವಿಗಳು ಹೇಳುವುದು ಇದೇ ಕಾರಣದಿಂದ.

ಯಂತ್ರ ಮುನ್ಸೂಚನೆ ಕೊಡದೆ ಕೆಡುವುದಿಲ್ಲ

‘ನಿನ್ನೆವರೆಗೆ ಚೆನ್ನಾಗಿತ್ತು, ಇಂದು ಇದ್ದಕ್ಕಿದ್ದಂತೆ ನಿಂತಿತು’ ಎಂಬ ಮಾತನ್ನು ಸೈಟುಗಳಲ್ಲಿ ಪದೇ ಪದೇ ಕೇಳುತ್ತೇವೆ. ಬಹಳಷ್ಟು ಸಂದರ್ಭಗಳಲ್ಲಿ ಅದು ಸರಿಯಲ್ಲ. ಯಂತ್ರ ಹಲವು ದಿನಗಳಿಂದ ಸೂಚನೆ ಕೊಡುತ್ತಲೇ ಇರುತ್ತದೆ, ಅದನ್ನು ಗಮನಿಸುವವರು ಇರುವುದಿಲ್ಲ. ಹೊಗೆಯ ಬಣ್ಣವನ್ನೇ ನೋಡೋಣ. ಕಪ್ಪು ಹೊಗೆ ಬಂದರೆ ಎಂಜಿನಿಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಇಂಧನ ಹೆಚ್ಚಾಗಿದೆ ಎಂದರ್ಥ. ಮೊದಲು ನೋಡಬೇಕಾದದ್ದು ಏರ್ ಫಿಲ್ಟರನ್ನು. ನೀಲಿ ಹೊಗೆ ಎಂಜಿನ್ ಎಣ್ಣೆ ಉರಿಯುತ್ತಿರುವ ಲಕ್ಷಣ. ಎಂಜಿನ್ ಕಾದ ನಂತರವೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ ಅಥವಾ ರೇಡಿಯೇಟರ್ ನೀರು ಒಳಗೆ ಸೇರುತ್ತಿದೆ ಎಂದು ಅನುಮಾನಿಸಬೇಕು.

ಹೈಡ್ರಾಲಿಕ್ ಎಣ್ಣೆಯೂ ಹೀಗೆಯೇ ತನ್ನ ಸ್ಥಿತಿಯನ್ನು ಬಣ್ಣದಲ್ಲಿ ಹೇಳುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಬೆರೆತಿದೆ. ನೊರೆ ಬಂದರೆ ಪಂಪು ಎಲ್ಲಿಯೋ ಗಾಳಿಯನ್ನು ಎಳೆದುಕೊಳ್ಳುತ್ತಿದೆ. ಸುಟ್ಟ ವಾಸನೆ ಬಂದರೆ ಅತಿಯಾಗಿ ಕಾದಿದೆ. ಪಂಪು ಮತ್ತು ವಾಲ್ವುಗಳೊಳಗಿನ ಸಂದುಗಳು ತಲೆಗೂದಲಿಗಿಂತ ಎಷ್ಟೋ ಪಟ್ಟು ಕಿರಿದು. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣಗಳೇ ಅಲ್ಲಿ ಉಜ್ಜುಕಾಗದದಂತೆ ಕೆಲಸ ಮಾಡುತ್ತವೆ. ಎಣ್ಣೆ ತುಂಬುವಾಗ ಡಬ್ಬದ ಬಾಯಿಯನ್ನು ಒರೆಸದೆ ಬಿಟ್ಟ ಒಂದು ನಿಮಿಷದ ಆಲಸ್ಯ ಲಕ್ಷಾಂತರ ರೂಪಾಯಿ ಬೆಲೆಯ ಪಂಪನ್ನು ಬಲಿ ತೆಗೆದುಕೊಳ್ಳಬಲ್ಲದು.

ದೋಷ ಪತ್ತೆ ಹಚ್ಚುವುದಕ್ಕೂ ಒಂದು ಕ್ರಮವಿದೆ. ನುರಿತ ಮೆಕ್ಯಾನಿಕ್ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಚಾಲಕನನ್ನು ವಿಚಾರಿಸುತ್ತಾನೆ. ತೊಂದರೆ ಯಾವಾಗ ಶುರುವಾಯಿತು? ತಣ್ಣಗಿರುವಾಗಲೋ, ಕಾದ ನಂತರವೋ? ಎಲ್ಲ ಚಲನೆಗಳೂ ನಿಧಾನವಾಗಿವೆಯೋ, ಒಂದು ಮಾತ್ರವೋ? ಇದಕ್ಕೆ ಮೊದಲು ಯಾರಾದರೂ ಏನನ್ನಾದರೂ ಬಿಚ್ಚಿ ಜೋಡಿಸಿದ್ದರೋ? ಬೂಮ್, ತೋಳು, ಚೈನು, ತಿರುಗುವಿಕೆ ಎಲ್ಲವೂ ಒಟ್ಟಿಗೆ ಮಂದವಾಗಿದ್ದರೆ ದೋಷ ಎಲ್ಲಕ್ಕೂ ಸಾಮಾನ್ಯವಾದ ಕಡೆ, ಅಂದರೆ ಎಂಜಿನ್, ಪಂಪು, ಎಣ್ಣೆಯ ಮಟ್ಟ ಅಥವಾ ಫಿಲ್ಟರಿನಲ್ಲಿರುತ್ತದೆ. ಬಕೆಟ್ ಒಂದೇ ಮಂದವಾಗಿದ್ದರೆ ಅದರ ಸಿಲಿಂಡರ್, ವಾಲ್ವು ಅಥವಾ ಪೈಪನ್ನು ನೋಡಬೇಕು. ಮೊದಲು ಕಣ್ಣಿಗೆ ಕಾಣುವುದು, ನಂತರ ಅಳತೆಗೆ ಸಿಗುವುದು, ಕೊನೆಗೆ ಬಿಚ್ಚುವುದು ಎಂಬ ಈ ಕ್ರಮ ನಮ್ಮ ಹಳೆಯ ಕುಟುಂಬ ವೈದ್ಯರ ಕ್ರಮಕ್ಕಿಂತ ಬೇರೆಯಲ್ಲ.

ಈ ಕ್ರಮವನ್ನು ಬಿಟ್ಟಾಗ ಅಡ್ಡದಾರಿಗಳು ಹುಟ್ಟಿಕೊಳ್ಳುತ್ತವೆ. ಪಂಪು ಸವೆದು ಶಕ್ತಿ ಕುಂದಿದಾಗ ಒತ್ತಡ ಮಿತಿಗೊಳಿಸುವ ರಿಲೀಫ್ ವಾಲ್ವನ್ನು ಬಿಗಿಗೊಳಿಸಿ ಕೆಲಸ ಮುಂದುವರಿಸುವುದು ಅವುಗಳಲ್ಲಿ ಒಂದು. ಎಕ್ಸ್‌ಕವೇಟರಿನ ಹೈಡ್ರಾಲಿಕ್ ಒತ್ತಡ ಸಾಮಾನ್ಯವಾಗಿ 300 ಬಾರ್ ಮೀರಿರುತ್ತದೆ. ಇದು ನಮ್ಮ ಕಾರಿನ ಟೈರಿನೊಳಗಿನ ಒತ್ತಡದ ನೂರು ಪಟ್ಟಿಗಿಂತ ಹೆಚ್ಚು. ಆ ಮಿತಿಯನ್ನು ಮೀರಿಸಿದಾಗ ಎಲ್ಲಿ ದುರ್ಬಲವಾಗಿದೆಯೋ ಅಲ್ಲಿ ಪೈಪು ಒಡೆಯುತ್ತದೆ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಭೇದಿಸಿ ಒಳಗೆ ಸೇರುತ್ತದೆ. ಹೊರಗೆ ಚುಕ್ಕೆಯಷ್ಟು ಗಾಯ ಕಂಡರೂ ಒಳಗೆ ಅಂಗಾಂಶ ಕೊಳೆಯಬಹುದು. ತಕ್ಷಣ ಶಸ್ತ್ರಚಿಕಿತ್ಸೆ ಸಿಗದಿದ್ದರೆ ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾದೀತು. ಸೋರಿಕೆಯನ್ನು ಬರಿಗೈಯಿಂದ ತಡವಿ ನೋಡದೆ ರಟ್ಟಿನ ತುಂಡು ಹಿಡಿದು ನೋಡಬೇಕೆಂಬ ನಿಯಮ ಇದಕ್ಕಾಗಿ ಇದೆ. ಬಕೆಟ್ಟನ್ನು ನೆಲಕ್ಕೆ ತಾಗಿಸಿ, ಎಂಜಿನ್ ನಿಲ್ಲಿಸಿ, ಉಳಿದ ಒತ್ತಡವನ್ನು ಬಿಡಿಸಿ, ಕೀಲಿಯನ್ನು ರಿಪೇರಿ ಮಾಡುವವನ ಜೇಬಿನಲ್ಲೇ ಇಟ್ಟ ನಂತರ ಮಾತ್ರ ಕೈ ಹಾಕಬೇಕು.

ಕ್ರೇನುಗಳ ವಿಷಯದಲ್ಲಿ ಎಚ್ಚರ ಇಮ್ಮಡಿಯಾಗಿರಬೇಕು. ಉಕ್ಕಿನ ಹಗ್ಗದಲ್ಲಿ ತುಂಡಾದ ಎಳೆಗಳು, ತಿರುಚಿಕೊಂಡ ಭಾಗ, ಎಳೆಗಳು ಪಂಜರದಂತೆ ಉಬ್ಬಿದ ಕಡೆ, ತುಕ್ಕು, ದಪ್ಪ ಕಡಿಮೆಯಾಗಿರುವುದು ಕಂಡುಬಂದರೆ ಹಗ್ಗವನ್ನು ಬದಲಿಸಬೇಕೇ ಹೊರತು ‘ಇನ್ನೊಂದು ವಾರ ನಡೆಯಲಿ’ ಎನ್ನುವಂತಿಲ್ಲ. ಭಾರ ಮಿತಿ ಮೀರಿದಾಗ ಎಚ್ಚರಿಸುವ ಸೂಚಕದ ತಂತಿ ಕಿತ್ತು ಕೆಲಸ ಸಾಗಿಸುವುದು ಅತ್ಯಂತ ಅಪಾಯಕಾರಿ. ಎಚ್ಚರಿಕೆಯ ಗಂಟೆ ಮೌನವಾದೊಡನೆ ಭಾರ ಕಡಿಮೆಯಾಗುವುದಿಲ್ಲ.

ಗೊತ್ತಿದ್ದೂ ಏಕೆ ಮಾಡುವುದಿಲ್ಲ?

ಇಷ್ಟೆಲ್ಲ ವಿವರ ಪ್ರತಿಯೊಂದು ಯಂತ್ರದ ಕೈಪಿಡಿಯಲ್ಲಿದೆ. ಚಾಲಕರಲ್ಲಿ ಅನೇಕರಿಗೆ ಅನುಭವದಿಂದಲೇ ಗೊತ್ತಿದೆ. ಹಾಗಿದ್ದೂ ಆರೈಕೆ ತಪ್ಪುವುದೇಕೆ? ಉತ್ತರಕ್ಕಾಗಿ ಗುತ್ತಿಗೆಯ ಸರಪಳಿಯನ್ನು ನೋಡಬೇಕು. ಕಾಮಗಾರಿ ಒಬ್ಬರ ಹೆಸರಿನಲ್ಲಿರುತ್ತದೆ. ಅವರಿಂದ ಅಗೆತದ ಭಾಗವನ್ನು ಉಪಗುತ್ತಿಗೆದಾರ ಪಡೆಯುತ್ತಾನೆ. ಅವನು ಯಂತ್ರವನ್ನು ಮತ್ತೊಬ್ಬರಿಂದ ಗಂಟೆಗಿಷ್ಟು ಎಂದು ಬಾಡಿಗೆಗೆ ತರುತ್ತಾನೆ. ಆ ಮಾಲೀಕ ಸಾಲ ಮಾಡಿ ಒಂದೋ ಎರಡೋ ಯಂತ್ರ ಕೊಂಡವನು. ಪ್ರತಿ ತಿಂಗಳು ಬ್ಯಾಂಕಿನ ಕಂತು ಕಟ್ಟಬೇಕಾದವನು. ಚಾಲಕನಿಗೂ ಹೆಚ್ಚುವರಿ ಗಂಟೆ ದುಡಿದರೆ ಮಾತ್ರ ಭತ್ಯೆ.

ಈ ವ್ಯವಸ್ಥೆಯಲ್ಲಿ ಯಂತ್ರ ಓಡಿದ ಗಂಟೆಗೆ ಹಣವಿದೆ, ನಿಂತ ಗಂಟೆಗೆ ಹಣವಿಲ್ಲ. ಗ್ರೀಸ್ ಹಾಕುವ ಅರ್ಧ ಗಂಟೆ ಯಾರ ಬಿಲ್ಲಿನಲ್ಲೂ ಸೇರುವುದಿಲ್ಲ. ಪರಿಣಾಮವಾಗಿ ಅದು ಬೆಳಗಿನ ಹೊತ್ತಿನಿಂದ ಊಟದ ವೇಳೆಗೆ, ಊಟದ ವೇಳೆಯಿಂದ ರಾತ್ರಿಗೆ ಜಾರುತ್ತದೆ. ದಿನವಿಡೀ ದಣಿದ ಹೆಲ್ಪರ್ ಮೊಬೈಲಿನ ಬೆಳಕಿನಲ್ಲಿ ಯಂತ್ರದ ಕೆಳಗೆ ನುಗ್ಗುತ್ತಾನೆ. ಸೈಟಿನ ಎಂಜಿನಿಯರನಿಗೆ ಮೇಲಿನಿಂದ ಗಡುವಿನ ಒತ್ತಡ. ‘ಸದ್ದು ಬರುತ್ತಿದೆ, ನಿಲ್ಲಿಸಬೇಕು’ ಎಂದು ಹೇಳಿದ ಚಾಲಕನಿಗೆ ಮರುದಿನ ಬೇರೆ ಯಂತ್ರ ಬರುತ್ತದೆ ಎಂಬ ಉತ್ತರ ಸಿಗುತ್ತದೆ. ಹೀಗಿರುವಾಗ ಎಲ್ಲ ತಪ್ಪನ್ನೂ ಚಾಲಕನ ಅಲಕ್ಷ್ಯದ ಮೇಲೆ ಹೊರಿಸುವುದು ನ್ಯಾಯವೆನಿಸದು.

ಮಾಲೀಕರ ಕಷ್ಟವನ್ನೂ ನಾವು ಅಲ್ಲಗಳೆಯುವುದಿಲ್ಲ. ಬಾಡಿಗೆಯ ದರದಲ್ಲಿ ಪೈಪೋಟಿ ತೀವ್ರವಾಗಿದೆ. ಅಸಲಿ ಫಿಲ್ಟರಿನ ಬೆಲೆ ದುಬಾರಿ, ಅದರಂತೆಯೇ ಕಾಣುವ ನಕಲಿ ಫಿಲ್ಟರ್ ಅಗ್ಗ. ಆದರೆ ಲೆಕ್ಕ ಹಾಕಿ ನೋಡಿದರೆ ಅಗ್ಗದ ದಾರಿ ಅಗ್ಗವಲ್ಲ. ದಿನಕ್ಕೆ ಅರ್ಧ ಗಂಟೆಯೆಂದರೆ 25 ದಿನಗಳ ತಿಂಗಳಿಗೆ ಹನ್ನೆರಡೂವರೆ ಗಂಟೆ. ಪಂಪೊಂದು ಕೆಟ್ಟರೆ ಬಿಡಿಭಾಗ ಬಂದು, ವ್ಯವಸ್ಥೆಯನ್ನೆಲ್ಲ ತೊಳೆದು, ಮತ್ತೆ ಜೋಡಿಸುವಷ್ಟರಲ್ಲಿ ಅದರ ಹಲವು ಪಟ್ಟು ಸಮಯ ಕೈತಪ್ಪಿರುತ್ತದೆ. ಉಳಿಸಿದೆವೆಂದು ಭಾವಿಸಿದ ಗಂಟೆಗಳನ್ನು ಬಡ್ಡಿಸಮೇತ ತೀರಿಸಬೇಕಾಗುತ್ತದೆ.

ಹೊಸ ಯಂತ್ರ, ಹೊಸ ಬೇಡಿಕೆ

ಈ ಹಳೆಯ ಸಮಸ್ಯೆಗೆ ಇತ್ತೀಚೆಗೆ ಹೊಸ ಮುಖವೊಂದು ಬಂದಿದೆ. ಕಟ್ಟಡ ಯಂತ್ರಗಳ ಹೊಗೆ ನಿಯಂತ್ರಣಕ್ಕಾಗಿ 2021ರ ಏಪ್ರಿಲ್‌ನಿಂದ ನಾಲ್ಕನೆಯ ಹಂತದ, 2025ರ ಜನವರಿಯಿಂದ ಐದನೆಯ ಹಂತದ ಮಾನದಂಡಗಳು ಜಾರಿಗೆ ಬಂದಿವೆ. ನಗರದ ಗಾಳಿಯ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಹೊಸ ಎಂಜಿನುಗಳು ಹಳೆಯವುಗಳಂತೆ ಒರಟು ಉಪಚಾರವನ್ನು ಸಹಿಸುವುದಿಲ್ಲ. ಅವುಗಳ ಇಂಧನ ವ್ಯವಸ್ಥೆ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಬ್ಯಾರೆಲ್ಲಿನಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಟ್ಯಾಂಕಿಗೆ ಸುರಿದ ಡೀಸೆಲಿನ ಕಸ ಇಂಜೆಕ್ಟರುಗಳನ್ನು ಹಾಳುಗೆಡಹುತ್ತದೆ. ಮಸಿಯನ್ನು ಹಿಡಿದಿಡುವ ಫಿಲ್ಟರ್ ಆಗಾಗ ತನ್ನನ್ನು ತಾನೇ ಸುಟ್ಟು ಶುಚಿಗೊಳಿಸಿಕೊಳ್ಳುತ್ತದೆ. ಆ ಪ್ರಕ್ರಿಯೆಯನ್ನು ‘ಈಗ ಬೇಡ’ ಎಂದು ಪದೇ ಪದೇ ತಡೆದರೆ ಕೊನೆಗೆ ಎಂಜಿನ್ ತನ್ನ ಶಕ್ತಿಯನ್ನು ತಾನೇ ಕುಗ್ಗಿಸುತ್ತದೆ. ಯೂರಿಯಾ ದ್ರಾವಣ ಬಳಸುವ ಯಂತ್ರಗಳಿಗೆ ಶೇಕಡ 32.5ರ ನಿಗದಿತ ದ್ರಾವಣವೇ ಬೇಕು. ನೀರು ಬೆರೆಸಿದರೆ ಯಂತ್ರ ಅದನ್ನು ಪತ್ತೆ ಮಾಡುತ್ತದೆ.

ಇಂದಿನ ಯಂತ್ರಗಳು ತಮ್ಮ ಸ್ಥಿತಿಗತಿಯನ್ನು ಉಪಗ್ರಹ ಮತ್ತು ಮೊಬೈಲ್ ಜಾಲದ ಮೂಲಕ ಮಾಲೀಕರ ಫೋನಿಗೆ ಕಳುಹಿಸಬಲ್ಲವು. ಓಡಿದ ಗಂಟೆ, ಕಾದ ಪ್ರಮಾಣ, ಸರ್ವಿಸ್ ಬಾಕಿ ಎಲ್ಲವೂ ಪರದೆಯ ಮೇಲೆ ಕಾಣುತ್ತದೆ. ಆದರೂ ಸಡಿಲವಾದ ಬೋಲ್ಟನ್ನು, ಉಜ್ಜಿದ ಪೈಪನ್ನು, ಒಣಗಿದ ಪಿನ್ನನ್ನು ಕಾಣಲು ಇಂದಿಗೂ ಯಂತ್ರದ ಸುತ್ತ ನಡೆಯುವ ಮನುಷ್ಯನೇ ಬೇಕು.

ಇಲ್ಲಿ ಕರ್ನಾಟಕದ ಪಾತ್ರವನ್ನು ನೆನೆಯುವುದು ಉಚಿತ. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಸಂಸ್ಥೆಯು ಕೋಲಾರ ಚಿನ್ನದ ಗಣಿ ಪ್ರದೇಶದ ತನ್ನ ಕಾರ್ಖಾನೆಯಲ್ಲಿ ಬುಲ್‌ಡೋಜರ್, ಎಕ್ಸ್‌ಕವೇಟರ್‌ಗಳನ್ನು ತಯಾರಿಸುತ್ತ ಬಂದಿದೆ. ಧಾರವಾಡದಲ್ಲಿ ಟಾಟಾ ಹಿಟಾಚಿಯ, ಬೆಂಗಳೂರಿನ ಪೀಣ್ಯದಲ್ಲಿ ವೋಲ್ವೋದ ಘಟಕಗಳಿವೆ. ಕಟ್ಟಡ ಯಂತ್ರಗಳ ಬೃಹತ್ ಪ್ರದರ್ಶನವಾದ ಎಕ್ಸ್‌ಕಾನ್ ನಡೆಯುವುದೂ ಬೆಂಗಳೂರಿನಲ್ಲಿಯೇ. ಯಂತ್ರವನ್ನು ತಯಾರಿಸುವ ನಾಡು ನಮ್ಮದು. ಅದನ್ನು ನಡೆಸುವವರಲ್ಲಿಯೂ ನಮ್ಮವರಿದ್ದಾರೆ. ಇವೆರಡರ ನಡುವೆ ಇರಬೇಕಾದ ಆರೈಕೆಯ ತಿಳಿವಳಿಕೆ ಕನ್ನಡದಲ್ಲಿ ಸಾಕಷ್ಟು ಸಿಗುವಂತಾಗಬೇಕು.

ನಾವು ಮಾಡಬಹುದಾದದ್ದು

ಕಾನೂನು ಇಲ್ಲವೆಂದಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಮತ್ತು ಅದರಡಿಯ 1998ರ ಕೇಂದ್ರ ನಿಯಮಗಳು ಭಾರ ಎತ್ತುವ ಯಂತ್ರಗಳನ್ನು ಅರ್ಹ ವ್ಯಕ್ತಿಯಿಂದ ಕನಿಷ್ಠ 12 ತಿಂಗಳಿಗೊಮ್ಮೆ ಕೂಲಂಕಷವಾಗಿ ಪರೀಕ್ಷಿಸಬೇಕೆಂದು ವಿಧಿಸಿದ್ದವು. 2025ರ ನವೆಂಬರ್ 21ರಂದು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಜಾರಿಗೆ ಬಂದು ಹಳೆಯ ಹಲವು ಕಾಯ್ದೆಗಳ ಸ್ಥಾನವನ್ನು ಪಡೆದಿದೆ. ಹೊಸ ಸಂಹಿತೆಯ ಯಶಸ್ಸು ಪುಸ್ತಕದ ಪುಟಕ್ಕಿಂತ ಸೈಟಿನ ಗೇಟಿನೊಳಗೆ ಏನು ನಡೆಯುತ್ತದೆ ಎಂಬುದನ್ನೇ ಅವಲಂಬಿಸಿದೆ. ವರ್ಷಕ್ಕೊಮ್ಮೆ ಪಡೆದ ಪ್ರಮಾಣಪತ್ರ ಪ್ರತಿದಿನದ ಗ್ರೀಸಿಗೆ ಪರ್ಯಾಯವಾಗಲಾರದು.

ಗೇಟಿನೊಳಗೆ ಇಣುಕುವ ಹಕ್ಕು ನಮ್ಮಲ್ಲಿ ಹಲವರಿಗಿದೆ. ಮಹಾರಾಷ್ಟ್ರದಲ್ಲಿ ಸಹಕಾರಿ ಹೌಸಿಂಗ್ ಸೊಸೈಟಿಗಳ ಪುನರ್ನಿರ್ಮಾಣವು ಸಹಕಾರಿ ಸಂಘಗಳ ಕಾಯ್ದೆಯ 79ಎ ಕಲಮಿನಡಿ 2019ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಗೆ ಒಳಪಡುತ್ತದೆ. ಸೊಸೈಟಿ ತನ್ನ ಪರವಾಗಿ ಯೋಜನಾ ಸಲಹೆಗಾರರನ್ನು ನೇಮಿಸಿಕೊಳ್ಳುತ್ತದೆ. ಬಿಲ್ಡರನೊಡನೆ ಒಪ್ಪಂದಕ್ಕೆ ಸಹಿ ಹಾಕುವಾಗ ನಾವು ಕಾರ್ಪೆಟ್ ಏರಿಯಾ, ಮೂಲನಿಧಿ, ತಾತ್ಕಾಲಿಕ ಬಾಡಿಗೆಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುತ್ತೇವೆ. ಅದರ ಜೊತೆಗೆ ನಾಲ್ಕು ಸಾಲುಗಳನ್ನು ಸೇರಿಸಿಕೊಳ್ಳಲು ಅಡ್ಡಿಯೇನಿದೆ?

ಸೈಟಿಗೆ ಬರುವ ಪ್ರತಿಯೊಂದು ಭಾರೀ ಯಂತ್ರಕ್ಕೂ ಅವರ್ ಮೀಟರ್ ಅಂಕಿಯೊಡನೆ ಬರೆದ ದಿನವಹಿ ಪುಸ್ತಕ ಇರಬೇಕು. ಕ್ರೇನ್ ಮತ್ತು ಅದರ ಹಗ್ಗ, ಕೊಕ್ಕೆಗಳ ಪರೀಕ್ಷಾ ಪ್ರಮಾಣಪತ್ರವನ್ನು ಸೊಸೈಟಿಯ ಸಲಹೆಗಾರರು ನೋಡಿರಬೇಕು. ದಿನಕ್ಕೆ ಅರ್ಧ ಗಂಟೆಯ ಆರೈಕೆಯ ವೇಳೆಯನ್ನು ಹಣ ಕೊಡುವ ಗಂಟೆಗಳಲ್ಲೇ ಎಣಿಸಬೇಕು. ಅಪಾಯ ಕಂಡಾಗ ಯಂತ್ರ ನಿಲ್ಲಿಸಿದ ಚಾಲಕನ ಕೂಲಿಯನ್ನಾಗಲಿ ಕೆಲಸವನ್ನಾಗಲಿ ಕಸಿಯಬಾರದು. ಇವುಗಳಲ್ಲಿ ಮೂರನೆಯದು ಮತ್ತು ನಾಲ್ಕನೆಯದು ಮುಖ್ಯವಾದವು. ಅವುಗಳಿಲ್ಲದಿದ್ದರೆ ಮೊದಲಿನ ಎರಡು ಕೇವಲ ಕಾಗದಗಳಾಗಿ ಉಳಿಯುತ್ತವೆ. ದಿನವಹಿ ಪುಸ್ತಕವನ್ನು ತಿಂಗಳ ಕೊನೆಗೆ ಒಂದೇ ಪೆನ್ನಿನಿಂದ ತುಂಬಿಸುವುದು ಕಷ್ಟದ ಕೆಲಸವಲ್ಲ. ಇದರಿಂದ ಖರ್ಚು ಸ್ವಲ್ಪ ಹೆಚ್ಚಾಗಬಹುದು. ಕೋಟಿಗಟ್ಟಲೆ ರೂಪಾಯಿಯ ಕಟ್ಟಡದಲ್ಲಿ ಆ ಹೆಚ್ಚಳ ನಮಗೆ ಭಾರವಾಗಲಾರದು.

ಮತ್ತೊಂದು ಕೆಲಸ ನಮ್ಮ ಕನ್ನಡ ಸಂಘ ಸಂಸ್ಥೆಗಳಿಗೆ ಸೇರಿದ್ದು. ಹಗಲಿಡೀ ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿಸಿದ ಪರಂಪರೆ ಮುಂಬಯಿ ಕನ್ನಡಿಗರದು. ಆ ಶಾಲೆಗಳಿಂದ ಹೊರಬಂದವರು ಮುಂದೆ ವಕೀಲರಾದರು, ಬ್ಯಾಂಕ್ ಅಧಿಕಾರಿಗಳಾದರು, ಉದ್ಯಮಿಗಳಾದರು. ಅವರ ಮಕ್ಕಳು ಮೊಮ್ಮಕ್ಕಳೇ ಇಂದು ಪುನರ್ನಿರ್ಮಾಣವಾಗುವ ಕಟ್ಟಡಗಳ ಸದಸ್ಯರು. ಅಂದಿನ ಹೋಟೆಲ್ ಹುಡುಗನ ಸ್ಥಾನದಲ್ಲಿ ಇಂದು ಯಂತ್ರದ ಹೆಲ್ಪರ್ ನಿಂತಿದ್ದಾನೆ. ಬಹುಪಾಲು ಯಂತ್ರಗಳ ಕೈಪಿಡಿ ಅವನಿಗೆ ತಿಳಿಯದ ಇಂಗ್ಲಿಷಿನಲ್ಲಿ ಚಾಲಕನ ಆಸನದ ಹಿಂದೆ ಬಿದ್ದಿರುತ್ತದೆ.

ಪ್ರತಿದಿನ ನೋಡಬೇಕಾದ ಹತ್ತು ಅಂಶಗಳನ್ನು ಸರಳ ಕನ್ನಡದಲ್ಲಿ, ಚಿತ್ರಗಳ ಸಹಿತ ಒಂದೇ ಹಾಳೆಯಲ್ಲಿ ಮುದ್ರಿಸಿ, ಮಳೆಗೆ ನೆನೆಯದಂತೆ ಲ್ಯಾಮಿನೇಟ್ ಮಾಡಿ ಹಂಚುವುದು ಯಾವ ಸಂಘಕ್ಕೂ ದೊಡ್ಡ ಹೊರೆಯಲ್ಲ. ನಮ್ಮಲ್ಲಿ ನಿವೃತ್ತ ಮೆಕ್ಯಾನಿಕಲ್ ಎಂಜಿನಿಯರರು ಬಹಳ ಮಂದಿ ಇದ್ದಾರೆ. ತಿಂಗಳಿಗೊಂದು ಭಾನುವಾರ ಅವರು ಎರಡು ಗಂಟೆ ಕೊಟ್ಟರೆ ಸಾಕು. ನಿರ್ಮಾಣ ಯಂತ್ರಗಳ ಚಾಲಕರಿಗೆ ಕೌಶಲ್ಯ ಪರಿಷತ್ತಿನ ಮೂಲಕ ತರಬೇತಿ ಮತ್ತು ಪ್ರಮಾಣಪತ್ರ ಸಿಗುವ ವ್ಯವಸ್ಥೆ ದೇಶದಲ್ಲಿದೆ. ಅನುಭವವಿದ್ದೂ ಕಾಗದವಿಲ್ಲದ ಹೆಲ್ಪರನನ್ನು ಅಲ್ಲಿಗೆ ಮುಟ್ಟಿಸಿದರೆ ಅವನ ಕೂಲಿಯೂ ಏರುತ್ತದೆ, ಯಂತ್ರದ ಬಗೆಗಿನ ಅವನ ಮಾತಿಗೆ ಬೆಲೆಯೂ ಬರುತ್ತದೆ.

ದಸರೆಯ ಆಯುಧಪೂಜೆಯಂದು ಸೈಟಿನ ಯಂತ್ರಗಳನ್ನು ತೊಳೆದು, ಹೂಮಾಲೆ ಹಾಕಿ, ನಿಂಬೆಹಣ್ಣನ್ನು ಚೈನಿನ ಕೆಳಗಿಡುವ ಚಾಲಕರನ್ನು ನಾವು ನೋಡಿದ್ದೇವೆ. ಆ ಒಂದು ದಿನ ಯಂತ್ರ ನಿಲ್ಲುತ್ತದೆ. ಯಾರೂ ಬಾಡಿಗೆಯ ಲೆಕ್ಕ ಕೇಳುವುದಿಲ್ಲ, ಯಾವ ಕಾಮಗಾರಿಯೂ ಅದರಿಂದ ಕೆಟ್ಟಿದ್ದಿಲ್ಲ. ಉಳಿದ ದಿನಗಳಲ್ಲಿ ಅದೇ ಯಂತ್ರಕ್ಕೂ ಅದನ್ನು ನಡೆಸುವವನಿಗೂ ಬೆಳಗಿನ ಅರ್ಧ ಗಂಟೆಯನ್ನು ಬಿಟ್ಟುಕೊಡುವುದು ಸಾಧ್ಯವಾಗಬೇಕು. ಮುಂದಿನ ಸೊಸೈಟಿ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸುವಂತೆ ನಮ್ಮ ಓದುಗರಲ್ಲಿ ವಿನಂತಿಸುತ್ತೇವೆ.